‘ಭೂಮಿಯ ಮುಖ’ವೂ ‘ನೆಲದ ಚರ್ಮ’ವೂ: ಇಂಗ್ಲಿಷ್–ತಗಾಲೊಗ್ ಅನುವಾದದಲ್ಲಿ ಭೂಮೇಲ್ಮೈಯ ನುಡಿಗಟ್ಟುಗಳು

ಇಂಗ್ಲಿಷಿನವರು ‘ಆನ್ ದ ಫೇಸ್ ಆಫ್ ದಿ ಅರ್ತ್’ ಎನ್ನುವ ಸಂದರ್ಭಗಳಲ್ಲಿ ತಗಾಲೊಗ್ ಭಾಷಿಕರು ಬಹುಮಟ್ಟಿಗೆ ‘ಸ ಬಲತ್ ನಙ್ ಲೂಪ’ ಎನ್ನುತ್ತಾರೆ. ಪದಕ್ಕೆ ಪದವಿಟ್ಟು ಬಿಡಿಸಿದರೆ ಮೊದಲನೆಯದು ‘ಭೂಮಿಯ ಮುಖದ ಮೇಲೆ’. ಎರಡನೆಯದು ‘ನೆಲದ ಚರ್ಮದಲ್ಲಿ’. ಅನುವಾದದ ತರಗತಿಗಳಲ್ಲಿ, ರೂಪಕವನ್ನು ಕುರಿತ ಚರ್ಚೆಗಳಲ್ಲಿ ಇಂತಹ ಜೋಡಿಯೊಂದು ಕೈಗೆ ಸಿಕ್ಕಿದೊಡನೆ ತೀರ್ಮಾನವೂ ಸಿದ್ಧವಾಗಿಬಿಡುತ್ತದೆ: ಒಂದು ಭಾಷಾಸಮುದಾಯ ಭೂಮಿಯನ್ನು ಮುಖವುಳ್ಳ ವ್ಯಕ್ತಿಯಾಗಿ ಕಾಣುತ್ತದೆ, ಇನ್ನೊಂದು ಚರ್ಮವುಳ್ಳ ಜೀವಿಯಾಗಿ ಕಾಣುತ್ತದೆ, ಆದ್ದರಿಂದ ಇವೆರಡರ ಲೋಕದೃಷ್ಟಿಗಳು ಬೇರೆ. ಈ ಓದನ್ನು ನಾವು ಒಪ್ಪುವುದಿಲ್ಲ. ಎರಡು ಭಾಷೆಗಳ ನಡುವಿನ ನಿಜವಾದ ವ್ಯತ್ಯಾಸ ಮುಖ–ಚರ್ಮಗಳಲ್ಲಿಲ್ಲ. ‘ಮೇಲ್ಮೈ’ ಎಂಬುದನ್ನು ಒಂದು ವಸ್ತುವೆಂದು ಹೆಸರಿಸುವುದೋ ಒಂದು ಸಂಬಂಧವೆಂದು ಹೇಳುವುದೋ ಎಂಬಲ್ಲಿ, ಮತ್ತು ‘ಲೂಪ’ ಎಂಬ ಒಂದೇ ಪದದ ಹರವಿನಲ್ಲಿ ಅದು ಅಡಗಿದೆ ಎಂಬುದು ನಮ್ಮ ವಾದ. ಇದನ್ನು ತಪ್ಪಾಗಿ ಗುರುತಿಸಿದರೆ ಕೆಡುವುದು ಸಿದ್ಧಾಂತವೊಂದೇ ಅಲ್ಲ; ಭೂಮಿಯ ಹಕ್ಕನ್ನು ಕುರಿತ ಕಾನೂನಿನ ಅನುವಾದವೂ ಕೆಡುತ್ತದೆ.

ತಗಾಲೊಗ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಡುವಾಗ ಪದದ ಕೊನೆಗಿಂತ ಹಿಂದೆ ಬೀಳುವ ಸ್ವರಾಘಾತವನ್ನು ದೀರ್ಘಾಕ್ಷರದಿಂದ ತೋರಿಸಿದ್ದೇವೆ. ಪದಾಂತ್ಯದ ಗಂಟಲ ತಡೆಧ್ವನಿಯನ್ನು ಗುರುತಿಸಿಲ್ಲ. ಈ ಏರ್ಪಾಡಿನಿಂದ ಒಂದು ಅನುಕೂಲವೂ ಆಗಿದೆ. ಸಾಮಾನ್ಯ ರೋಮನ್ ಬರವಣಿಗೆಯಲ್ಲಿ ಒಂದೇ ರೂಪದಲ್ಲಿ ಕಾಣುವ ‘ಬಲತ್’ (ಚರ್ಮ) ಮತ್ತು ‘ಬಾಲತ್’ (ಹುಟ್ಟುಮಚ್ಚೆ) ಇಲ್ಲಿ ತಾವಾಗಿಯೇ ಬೇರೆಯಾಗುತ್ತವೆ.

ಮೊದಲು ಇಂಗ್ಲಿಷಿನ ‘ಮುಖ’ವನ್ನು ನೋಡೋಣ. ಈ ಮುಖ ಇಂಗ್ಲಿಷ್ ಭಾಷಿಕರ ಲೋಕದೃಷ್ಟಿಯಿಂದ ಹುಟ್ಟಿದ್ದೆಂದು ಹೇಳುವುದಕ್ಕೆ ಆಧಾರ ಸಾಲದು; ಅದು ಅನುವಾದದ ಕೂಸು. ಹೀಬ್ರೂ ಭಾಷೆಯಲ್ಲಿ ಮುಖವಾಚಕವಾದ ‘ಪಾನಿಮ್’ ಪದ ‘ಅಲ್’ ಎಂಬ ಉಪಸರ್ಗದೊಡನೆ ಸೇರಿ ‘ಅಲ್ ಪ್ನೇ’ ಆದಾಗ ‘ಮೇಲೆ’ ಎಂಬಷ್ಟೇ ಅರ್ಥದ ಸಂಯುಕ್ತ ಉಪಸರ್ಗದಂತೆ ಕೆಲಸಮಾಡುತ್ತದೆ. ಅಲ್ಲಿ ಅದು ಹೆಚ್ಚೂಕಡಿಮೆ ವ್ಯಾಕರಣದ ಸಾಮಗ್ರಿ. ಲ್ಯಾಟಿನ್ ಅನುವಾದ ಅದನ್ನು ಮತ್ತೆ ಮುಖವಾಗಿಸಿತು. ಇಂಗ್ಲಿಷ್ ಬೈಬಲ್ ಅನುವಾದಗಳು, ಅದರಲ್ಲೂ 1611ರ ಅಧಿಕೃತ ಅನುವಾದ, ಆ ಮುಖವನ್ನು ಇಂಗ್ಲಿಷ್ ನುಡಿಗಟ್ಟುಗಳ ಸಾಲಿಗೆ ಸೇರಿಸಿದವು. ಒಂದು ಭಾಷೆಯ ಉಪಸರ್ಗ ಇನ್ನೊಂದು ಭಾಷೆಯ ರೂಪಕವಾಯಿತೆಂದು ಹೇಳಬಹುದು. ‘ಸರ್ಫೇಸ್’ ಪದದ ಹೊಟ್ಟೆಯೊಳಗೂ ಫ್ರೆಂಚ್ ‘ಫಾಸ್’ ಅಡಗಿದೆ. ಆದರೆ ಇಂದು ಆ ಪದವನ್ನು ಬಳಸುವ ಯಾರಿಗೂ ಅಲ್ಲಿ ಮುಖ ಕಾಣುವುದಿಲ್ಲ. ‘ಮೇಲ್ಮೈ’ ಎನ್ನುವ ಕನ್ನಡಿಗರಿಗೆ ಮೇಜಿನ ಮೇಲೊಂದು ಮೈ ಕಾಣದಿರುವ ಹಾಗೆ, ‘ಭೂಪೃಷ್ಠ’ ಎಂದು ಬರೆಯುವ ಪಂಡಿತರಿಗೆ ಭೂಮಿಯ ಬೆನ್ನು ಕಾಣದಿರುವ ಹಾಗೆ.

ತಗಾಲೊಗ್ ‘ಬಲತ್’ನ ಕಥೆ ಬೇರೆ. ಅದನ್ನು ‘ಚರ್ಮ’ ಎಂದು ಬಿಡಿಸುವುದೇ ಮೊದಲ ಎಡವಟ್ಟು. ಮನುಷ್ಯನ ಚರ್ಮ, ಪ್ರಾಣಿಯ ತೊಗಲು, ಹದಮಾಡಿದ ಚರ್ಮ ಇವೆಲ್ಲ ‘ಬಲತ್’ ಹೌದು. ಆದರೆ ‘ಬಲತ್ ನಙ್ ಸಾಗಿಙ್’ ಎಂದರೆ ಬಾಳೆಹಣ್ಣಿನ ಸಿಪ್ಪೆ, ‘ಬಲತ್ ನಙ್ ಕಾಹೊಯ್’ ಮರದ ತೊಗಟೆ, ‘ಬಲತ್ ನಙ್ ಇತ್ಲೊಗ್’ ಮೊಟ್ಟೆಯ ಚಿಪ್ಪು. ಇಷ್ಟೂ ಸಾಲದೆಂಬಂತೆ ‘ಬಲತ್ ನಙ್ ಕೆಂದಿ’ ಎಂದರೆ ಮಿಠಾಯಿಗೆ ಸುತ್ತಿದ ಕಾಗದ. ತೊಗಲು, ಸಿಪ್ಪೆ, ತೊಗಟೆ, ಚಿಪ್ಪು, ಹೊದಿಕೆ ಎಂದು ಕನ್ನಡ ಐದು ಕಡೆ ಹಂಚಿಕೊಂಡಿರುವ ಕ್ಷೇತ್ರವನ್ನು ತಗಾಲೊಗ್ ಒಂದೇ ಪದದಲ್ಲಿ ಹಿಡಿದಿದೆ. ಹಾಗೆಂದು ಆ ಭಾಷೆಗೆ ಸೂಕ್ಷ್ಮ ಭೇದಗಳು ಗೊತ್ತಿಲ್ಲವೆಂದಲ್ಲ. ತೆಂಗಿನ ವಿಷಯಕ್ಕೆ ಬಂದರೆ ಕರಟಕ್ಕೆ ‘ಬಾವೊ’, ನಾರಿನ ಸಿಪ್ಪೆಗೆ ‘ಬುನೊತ್’ ಎಂದು ಬೇರೆಬೇರೆ ಪದಗಳಿವೆ. ಒಟ್ಟಾರೆ ‘ಬಲತ್’ನ ತಿರುಳರ್ಥ ‘ಒಂದು ವಸ್ತುವಿಗೆ ಅಂಟಿಕೊಂಡಿದ್ದು ಸುಲಿದು ಬೇರ್ಪಡಿಸಬಹುದಾದ ಹೊರಪದರ’ ಎಂಬುದು. ಹೀಗಿರುವಾಗ ‘ಬಲತ್ ನಙ್ ಲೂಪ’ವನ್ನು ‘ಭೂಮಿಯ ಚರ್ಮ’ ಎಂದು ಬಿಡಿಸಿ, ಅದರಿಂದ ‘ಭೂಮಿಯೇ ದೇಹ’ ಎಂಬ ರೂಪಕವನ್ನು ಹೊರತೆಗೆಯುವುದು ಬಿಡಿಸಿದವರ ಭಾಷೆಯ ಹಂಚಿಕೆಯನ್ನು ಮೂಲಭಾಷೆಯ ತಲೆಗೆ ಕಟ್ಟಿದಂತೆ. ಅದನ್ನೇ ‘ಭೂಮಿಯ ಸಿಪ್ಪೆ’ ಎಂದು ಬಿಡಿಸಿದ್ದರೆ ‘ಭೂಮಿಯೇ ಹಣ್ಣು’ ಎಂಬ ರೂಪಕ ಸಿಗುತ್ತಿತ್ತು. ಮಿಠಾಯಿ ಕಾಗದದ ಮಾತು ಬೇಡವೇ ಬೇಡ.

‘ಬಲತ್’ಗೆ ಪದರದ ಅರ್ಥವೇ ಮುಖ್ಯವೆಂಬುದಕ್ಕೆ ನೀರು ಒಳ್ಳೆಯ ಪರೀಕ್ಷೆ. ಇಂಗ್ಲಿಷಿನ ‘ಫೇಸ್’ ನೆಲಕ್ಕೂ ಸಲ್ಲುತ್ತದೆ, ನೀರಿಗೂ ಸಲ್ಲುತ್ತದೆ. ತಗಾಲೊಗ್‌ನಲ್ಲಿ ನೀರಿಗೆ ‘ಬಲತ್’ ಒಗ್ಗುವುದಿಲ್ಲ. ನೀರಿಗಿರುವುದು ‘ಇಬಾಬವ್’ ಮಾತ್ರ. 1905ರ ತಗಾಲೊಗ್ ಬೈಬಲ್ ಅನುವಾದದಲ್ಲಿ ಹೀಬ್ರೂವಿನ ಅದೇ ಪದಗುಚ್ಛಕ್ಕೆ ನೆಲದ ಸಂದರ್ಭದಲ್ಲಿ ‘ಬಲತ್’ ಬರುವುದೂ ಉಂಟು, ‘ಇಬಾಬವ್’ ಬರುವುದೂ ಉಂಟು. ಸೃಷ್ಟಿಕಥೆಯ ಮೊದಲಲ್ಲಿ ನೀರಿನ ಮಾತು ಬಂದಾಗ ಅಲ್ಲಿರುವುದು ‘ಇಬಾಬವ್’. ಆ ಅನುವಾದಕರು ಮುಖಕ್ಕೆ ಸಮಾನಪದ ಹುಡುಕಲಿಲ್ಲ, ನೆಲವನ್ನೂ ನೀರನ್ನೂ ತಮ್ಮ ಭಾಷೆ ಹೇಗೆ ಹಿಡಿಯುತ್ತದೆಂಬುದನ್ನು ಅನುಸರಿಸಿದರು. ಇದು ಸರಿಯಾದ ಕಿವಿಯುಳ್ಳವರ ಕೆಲಸ.

ತಗಾಲೊಗ್‌ನಲ್ಲಿ ಮುಖಕ್ಕೆ ಪದವಿಲ್ಲದ್ದರಿಂದ ಹೀಗಾಯಿತೆಂದು ಹೇಳುವಂತೆಯೂ ಇಲ್ಲ. ಇರುವ ಪದ ‘ಮುಕ್ಹ’. ಸಂಸ್ಕೃತದ ‘ಮುಖ’ವೇ ಮಲಯ್ ಭಾಷೆಯ ದಾರಿಯಾಗಿ ಅಲ್ಲಿಗೆ ಹೋಗಿ ನೆಲೆಸಿದ್ದು. (ನಮ್ಮ ಮಹಾಪ್ರಾಣ ‘ಖ’ ಅಲ್ಲಿ ಕಕಾರ–ಹಕಾರಗಳಾಗಿ ಒಡೆದು ಎರಡು ಅಕ್ಷರಗಳಿಗೆ ಹಂಚಿಹೋಗಿದೆ, ಕನ್ನಡ ವಿದ್ಯಾರ್ಥಿಗಳಿಗೆ ಇದು ಕುತೂಹಲದ ಸಂಗತಿಯಾದೀತು.) ಮಲಯ್ ಮತ್ತು ಇಂಡೋನೇಷಿಯನ್ ಭಾಷೆಗಳಲ್ಲಿ ‘ಮುಕ ಬುಮಿ’, ಅಂದರೆ ಭೂಮಿಯ ಮುಖ, ಸಹಜವಾದ ನುಡಿ, ‘ಮೇಲ್ಮೈ’ ಎಂಬುದಕ್ಕೆ ಅಲ್ಲಿ ‘ಮುಕ’ದಿಂದಲೇ ಕಟ್ಟಿದ ‘ಪರ್ಮುಕಾನ್’ ಎಂಬ ಪದವಿದೆ. ಆ ನುಡಿಯ ಎರಡು ಪದಗಳೂ ಸಂಸ್ಕೃತದಿಂದ ಬಂದವು. ಆದರೆ ಆ ಎರಡು ಪದಗಳೂ ಮನೆಮಾತಿನಂತಿರುವ ಕನ್ನಡದಲ್ಲಿ ‘ಭೂಮಿಯ ಮುಖ’ ಎಂದರೆ ಅದು ಅನುವಾದದ ವಾಸನೆ ಹೊಡೆಯುತ್ತದೆ. ನಾವು ‘ಭೂಮಿಯ ಮೇಲೆ’ ಎನ್ನುತ್ತೇವೆ. ಪದ ಇರುವುದರಿಂದ ರೂಪಕ ಇರಬೇಕೆಂದಿಲ್ಲ. ಇಂದಿನ ತಗಾಲೊಗ್ ಬರವಣಿಗೆಯಲ್ಲಿ ‘ಮುಕ್ಹ’ವನ್ನು ಭೂಮಿಗೆ ಹಚ್ಚಿದ ಪ್ರಯೋಗಗಳು ಸಿಗುವುದೇ ಇಲ್ಲವೆಂದಲ್ಲ, ಆದರೆ ನುಡಿಗಟ್ಟಿನ ಜಾಗವನ್ನು ‘ಬಲತ್’ ಬಿಟ್ಟುಕೊಟ್ಟಿಲ್ಲ.

ಇಲ್ಲಿ ನಮ್ಮ ಎದುರುವಾದಿಗಳಿಗೆ ನ್ಯಾಯವಾಗಿ ಸಲ್ಲಬೇಕಾದ ಮಾತೊಂದಿದೆ. ಲೇಕಾಫ್ ಮತ್ತು ಜಾನ್ಸನ್ 1980ರಲ್ಲಿ ಪರಿಕಲ್ಪನಾ ರೂಪಕದ ವಾದವನ್ನು ಮಂಡಿಸಿದಾಗ ಒಂಟಿ ನುಡಿಗಟ್ಟನ್ನು ನೆಚ್ಚಲಿಲ್ಲ. ಒಂದೇ ರೂಪಕದಿಂದ ಹೊರಡುವ ನುಡಿಗಳ ವ್ಯವಸ್ಥೆಯನ್ನು ತೋರಿಸಬೇಕೆಂದು ಕೇಳಿದರು. ಅಂತಹ ವ್ಯವಸ್ಥೆ ತಗಾಲೊಗ್‌ನಲ್ಲಿ ಇಲ್ಲವೇ? ಬೆಟ್ಟದ ಬುಡಕ್ಕೆ ಅಲ್ಲಿ ‘ಪಆನನ್ ನಙ್ ಬುಂದೊಕ್’ ಎನ್ನುತ್ತಾರೆ, ‘ಪಆ’ ಎಂದರೆ ಪಾದ. ಜ್ವಾಲಾಮುಖಿಯ ಕುಳಿಗೆ ‘ಬುಙಾಙ ನಙ್ ಬುಲ್ಕಾನ್’ ಎನ್ನುತ್ತಾರೆ, ‘ಬುಙಾಙ’ ಎಂದರೆ ಬಾಯಿ. ಪಾದ, ಬಾಯಿ, ಚರ್ಮ ಮೂರೂ ಸೇರಿದರೆ ಒಂದು ದೇಹವಾಗಲಿಲ್ಲವೇ ಎಂದು ಕೇಳಬಹುದು. ಆಗಲಿಲ್ಲ. ‘ಪಆನನ್’ ಮಂಚಕ್ಕೂ ಇದೆ, ‘ಬುಙಾಙ’ ಗುಹೆಗೂ ಇದೆ. ಇವು ಯಾವುದೇ ವಸ್ತುವಿನ ಕೆಳತುದಿಯನ್ನೋ ತೆರಪನ್ನೋ ಸೂಚಿಸುವ ಸ್ಥಾನವಾಚಕಗಳು. ಅಂಗಾಂಗಗಳ ಹೆಸರುಗಳು ಸ್ಥಾನವಾಚಕಗಳಾಗಿ ಸವೆಯುವುದು ಜಗತ್ತಿನ ಭಾಷೆಗಳಲ್ಲಿ ಬಹಳ ಸಾಮಾನ್ಯವೆಂಬುದನ್ನು ಹೈನೆ ಮೊದಲಾದವರ ವ್ಯಾಕರಣೀಕರಣದ ಅಧ್ಯಯನಗಳು ತೋರಿಸಿವೆ. ಮೇಲಾಗಿ ಬೆಟ್ಟದ ಪಾದ ಬೆಟ್ಟಕ್ಕೆ ಸೇರಿದ್ದು, ಜ್ವಾಲಾಮುಖಿಯ ಬಾಯಿ ಜ್ವಾಲಾಮುಖಿಗೆ ಸೇರಿದ್ದು. ಇವು ಯಾವುವೂ ‘ಲೂಪ’ ಎಂಬ ಒಂದೇ ಶರೀರದ ಅಂಗಗಳಲ್ಲ.

ಈಗ ‘ಇಬಾಬವ್’ಗೆ ಬರೋಣ; ನಮ್ಮ ದೃಷ್ಟಿಯಲ್ಲಿ ಇಡೀ ಸಮಸ್ಯೆಯ ಕೀಲು ಇರುವುದು ಇಲ್ಲಿ. ‘ಬಾಬವ್’ ಎಂದರೆ ಆಳವಿಲ್ಲದಿರುವಿಕೆ. ‘ಮಬಾಬವ್’ ಎಂದರೆ ಆಳವಿಲ್ಲದ. ಅದರ ವಿರುದ್ಧ ಪದ ‘ಲಾಲಿಮ್’, ಆಳ; ‘ಮಲಾಲಿಮ್’, ಆಳವಾದ. ಇವುಗಳ ಹಿಂದೆ ‘ಇ’ ಸೇರಿದಾಗ ‘ಇಬಾಬವ್’, ‘ಇಲಾಲಿಮ್’ ಎಂಬ ಸ್ಥಾನವಾಚಕ ನಾಮಪದಗಳಾಗುತ್ತವೆ. ‘ತಾಸ್’ (ಎತ್ತರ) ಎಂಬುದರಿಂದ ‘ಇತಾಸ್’ (ಮೇಲುಗಡೆ) ಆಗುವುದೂ ಹೀಗೆಯೇ. ಅಂದರೆ ಇಂಗ್ಲಿಷ್ ‘ಸರ್ಫೇಸ್’ ಎನ್ನುವುದನ್ನು ತಗಾಲೊಗ್ ‘ಆಳಕ್ಕೆ ಇಳಿಯದ ಕಡೆ’ ಎಂದು, ಕೆಳಗಿನ ಕಡೆಗೆ ಎದುರಾಗಿ, ಹೆಸರಿಸುತ್ತದೆ. ಅದು ತಾನಾಗಿ ನಿಲ್ಲುವ ವಸ್ತುವಲ್ಲ. ಒಂದು ಜೋಡಿಯ ಅರ್ಧ. ನಮ್ಮ ‘ಮೇಲೆ’ಯೂ ಇಂಥದೇ: ‘ಮೇಲಿಂದ’, ‘ಮೇಲಕ್ಕೆ’, ‘ಮೇಲಿನ’ ಎಂದು ವಿಭಕ್ತಿ ಹೊರುವ, ಆದರೆ ‘ಯಾವುದರ’ ಎಂಬ ಪ್ರಶ್ನೆಯನ್ನು ಬಿಟ್ಟಿರಲಾರದ ಪದ. ಆದ್ದರಿಂದಲೇ ಇಂಗ್ಲಿಷಿನಿಂದ ಬರುವವರಿಗಿಂತ ಕನ್ನಡದಿಂದ ಬರುವವರು ‘ಇಬಾಬವ್’ನ ಸ್ವಭಾವವನ್ನು ಬೇಗ ಗುರುತಿಸಬಲ್ಲರೆಂದು ನಮಗನ್ನಿಸುತ್ತದೆ. ಕೇವಲ ಹೊರನೋಟಕ್ಕೆ ಎಂಬರ್ಥದಿಂದ ಕಪಟದವರೆಗೆ ಹೋಗುವ ‘ಪಯಿಂಬಬವ್’ ಕೂಡ ಇದೇ ಮೂಲದ್ದು. ಇಲ್ಲಿ ಇಂಗ್ಲಿಷಿನ ‘ಸೂಪರ್‌ಫಿಶಿಯಲ್’ ಬೇರೆ ದಾರಿಯಿಂದ ಹೆಚ್ಚುಕಡಿಮೆ ಅದೇ ಊರು ಸೇರಿದೆ.

ಈ ಸಂಬಂಧವಾಚಕತೆ ವಾಕ್ಯದಲ್ಲಿ ಹೇಗೆ ಕೆಲಸಮಾಡುತ್ತದೆಂಬುದಕ್ಕೆ ಮೂರು ಸರಳ ವಾಕ್ಯಗಳು ಸಾಕು. ‘ಮಯ್ ತೂಬಿಗ್ ಸ ಲೂಪ’ ಎಂದರೆ ನೆಲದಲ್ಲಿ ನೀರಿದೆ. ಮೇಲೆಯೋ ಒಳಗೋ ಎಂಬುದನ್ನು ವಾಕ್ಯ ಹೇಳುವುದಿಲ್ಲ, ‘ಸ’ ಎಂಬ ಸಾಮಾನ್ಯ ಸೂಚಕಕ್ಕೆ ಅಷ್ಟು ಭಾರ ಹೊರುವ ಹೊಣೆಯಿಲ್ಲ. ‘ಮಯ್ ತೂಬಿಗ್ ಸ ಇಬಾಬವ್ ನಙ್ ಲೂಪ’ ಎಂದರೆ ನೆಲದ ಮೇಲೆ ನೀರು ನಿಂತಿದೆ. ‘ಮಯ್ ತೂಬಿಗ್ ಸ ಇಲಾಲಿಮ್ ನಙ್ ಲೂಪ’ ಎಂದರೆ ಅಂತರ್ಜಲವಿದೆ. ಇಂಗ್ಲಿಷ್ ‘ಆನ್’, ‘ಇನ್’, ‘ಅಂಡರ್’ಗಳ ಆಯ್ಕೆಯನ್ನು ಕಡ್ಡಾಯ ಮಾಡಿರುವಲ್ಲಿ ತಗಾಲೊಗ್ ಅದನ್ನು ಐಚ್ಛಿಕವಾಗಿ ಉಳಿಸಿಕೊಂಡಿದೆ. ಇಂಗ್ಲಿಷಿನ ಪ್ರತಿಯೊಂದು ‘ಆನ್’ಗೂ ಹಟದಿಂದ ‘ಸ ಇಬಾಬವ್ ನಙ್’ ತುಂಬುವ ಅನುವಾದ ತಪ್ಪಲ್ಲ. ಆದರೆ ಯಾರೂ ಕೇಳದ ‘ಕೆಳಗಲ್ಲ’ ಎಂಬ ಉತ್ತರವನ್ನು ಅದು ಸಾಲುಸಾಲಿಗೂ ಕೊಡುತ್ತಿರುತ್ತದೆ.

ಇದೇ ಚೌಕಟ್ಟಿನಲ್ಲಿ ‘ಬಲತ್ ನಙ್ ಲೂಪ’ವನ್ನು ಇಟ್ಟು ನೋಡಿದರೆ ಅದರ ನಿಜವಾದ ಕೆಲಸ ಕಾಣುತ್ತದೆ. ನಿಂತ ಮಳೆನೀರನ್ನು ವರ್ಣಿಸುವಾಗ ‘ಸ ಬಲತ್ ನಙ್ ಲೂಪ’ ಸಹಜವಾಗಿ ಬರುವುದಿಲ್ಲ. ಅದು ಬರುವುದು ‘ಸಿಯ ಅಙ್ ಪಿನಕಮಬಯಿತ್ ನ ತಾವೊ ಸ ಬಲತ್ ನಙ್ ಲೂಪ’ (ಭೂಮಿಯ ಮೇಲೆ ಅವರಷ್ಟು ಒಳ್ಳೆಯವರು ಬೇರೊಬ್ಬರಿಲ್ಲ) ಎಂಬಂತಹ ಅತಿಶಯೋಕ್ತಿಯಲ್ಲಿ, ‘ಇಂಥವರು ಎಲ್ಲಿಯೂ ಇಲ್ಲ’ ಎಂಬ ನಿಷೇಧದಲ್ಲಿ, ಅಳಿದುಹೋಗುವ ಮಾತಿನಲ್ಲಿ. ‘ಎನಿ’ ಪದವನ್ನು ಕುರಿತು ಕ್ಯಾಡ್ಮನ್ ಮತ್ತು ಲ್ಯಾಂಡ್‌ಮನ್ 1993ರಲ್ಲಿ ಹೇಳಿದ ‘ವ್ಯಾಪ್ತಿಯ ಹಿಗ್ಗಿಸುವಿಕೆ’ ಇಲ್ಲಿ ಚೆನ್ನಾಗಿ ಹೊಂದುತ್ತದೆ: ಹೋಲಿಕೆಯ ಕ್ಷೇತ್ರವನ್ನು ಸಾಧ್ಯವಿದ್ದಷ್ಟು ದೂರಕ್ಕೆ ಒಯ್ದು, ಅಲ್ಲಿಯೂ ಮಾತು ನಿಲ್ಲುತ್ತದೆಂದು ಸಾಧಿಸುವುದು. ಕನ್ನಡ ಈ ಕೆಲಸಕ್ಕೆ ಮೇಲ್ಮೈಯನ್ನು ಹುಡುಕಿಕೊಂಡು ಹೋಗುವುದಿಲ್ಲ. ‘ಹದಿನಾಲ್ಕು ಲೋಕ ಹುಡುಕಿದರೂ ಸಿಗಲಿಕ್ಕಿಲ್ಲ’ ಎನ್ನುತ್ತದೆ. ಅನುವಾದಿಸಬೇಕಾದದ್ದು ಈ ಹಿಗ್ಗಿಸುವಿಕೆಯನ್ನೇ ಹೊರತು ಅದಕ್ಕೆ ಒದಗಿಬಂದ ನಾಮಪದವನ್ನಲ್ಲ. ಇಂಗ್ಲಿಷಿನಲ್ಲಿ ಒಬ್ಬ ಭೂಮಿಯ ಮುಖದಿಂದ ಮಾಯವಾದರೆ ತಗಾಲೊಗ್‌ನಲ್ಲಿ ನೀರಗುಳ್ಳೆಯಂತೆ, ‘ಪಾರಙ್ ಬುಲ’, ಮಾಯವಾಗಬಹುದು. ಕನ್ನಡದಲ್ಲಿ ಹೇಳಹೆಸರಿಲ್ಲದಂತೆ ಹೋಗಬಹುದು. ಮೂರರಲ್ಲಿ ಎರಡು ಕಡೆ ಭೂಮಿಯ ಸುದ್ದಿಯೇ ಇಲ್ಲ.

‘ವಾಟ್ ಆನ್ ಅರ್ತ್’ ಎಂಬ ಇಂಗ್ಲಿಷ್ ಪ್ರಶ್ನೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅಲ್ಲಿ ‘ಅರ್ತ್’ ನಾಮಪದದ ಕೆಲಸವನ್ನೇ ಬಿಟ್ಟು ಅಚ್ಚರಿ ಅಸಹನೆಗಳ ಸೂಚಕವಾಗಿದೆ. ತಗಾಲೊಗ್‌ನಲ್ಲಿ ಆ ಕೆಲಸವನ್ನು ‘ಬ’, ‘ನಗ’, ‘ಕಯ’ ಮುಂತಾದ ಅಂಟುಪದಗಳು ವಹಿಸಿಕೊಳ್ಳುತ್ತವೆ. ‘ಏನು ಮಾಡ್ತಾ ಇದ್ದೀಯಪ್ಪಾ’ ಎನ್ನುವಾಗ ನಮ್ಮ ‘ಅಪ್ಪಾ’ ವಹಿಸಿಕೊಳ್ಳುವಂತೆ. ‘ಲೂಪ’ವನ್ನು ಅಲ್ಲಿಗೆ ಎಳೆದು ತಂದ ಅನುವಾದ ಓದುಗನನ್ನು ನಗಿಸಬಹುದು, ಅಷ್ಟೇ.

ಉಳಿದದ್ದು ‘ಲೂಪ’ ಪದವೇ. ಇಂಗ್ಲಿಷ್ ‘ಅರ್ತ್’, ‘ಲ್ಯಾಂಡ್’, ‘ಗ್ರೌಂಡ್’, ‘ಸಾಯಿಲ್’ ಎಂದು ನಾಲ್ಕು ಹೋಳು ಮಾಡಿದ್ದನ್ನು ‘ಲೂಪ’ ಒಟ್ಟಾಗಿ ಹಿಡಿಯುತ್ತದೆ. ಗ್ರಹವನ್ನು ಹೇಳಬೇಕಾದಾಗ ‘ದಯಿಗ್ದಿಗ್’ ಅಥವಾ ಸ್ಪ್ಯಾನಿಷಿನಿಂದ ಬಂದ ‘ಮುಂದೊ’ ಇದೆ. ಮನೆಯೊಳಗಿನ ನೆಲಕ್ಕೆ ‘ಸಹಿಗ್’ ಇದೆ. ವಿಮಾನ ಇಳಿಯುವುದಕ್ಕೆ ‘ಲೂಪ’ದ ಸಂಬಂಧವೇ ಇಲ್ಲದ ‘ಲುಮಪಗ್’ ಇದೆ. ಆದರೆ ಮಣ್ಣು, ಹೊಲ, ಕಾಲಡಿಯ ನೆಲ, ನಾಡು, ಸ್ವರ್ಗಕ್ಕೆ ಎದುರಾದ ಭೂಲೋಕ ಎಲ್ಲವೂ ‘ಲೂಪ’. ಶಾಲೆಯ ಸಮಾಜಪಾಠಗಳಲ್ಲಿ ಬೆಟ್ಟ ಬಯಲುಗಳು ‘ಅನ್ಯೊಙ್ ಲೂಪ’, ಅಂದರೆ ನೆಲದ ಆಕಾರಗಳು. ವಿಪತ್ತಿನ ಭಾಷೆಯಲ್ಲಿ ನೆಲ ನಡುಗುವುದು ‘ಪಗ್ಯನಿಗ್ ನಙ್ ಲೂಪ’, ಗುಡ್ಡ ಕುಸಿಯುವುದು ‘ಪಗ್ಗೂಹೊ ನಙ್ ಲೂಪ’, ನೆಲ ಬಿರಿಯುವುದು ‘ಪಗ್ಬಿತಕ್ ನಙ್ ಲೂಪ’. ಇಂಗ್ಲಿಷಿನಲ್ಲಿ ಇವುಗಳಿಗೆ ‘ಗ್ರೌಂಡ್’, ‘ಲ್ಯಾಂಡ್’, ‘ಸರ್ಫೇಸ್’ ಎಂದು ಬೇರೆಬೇರೆ ನಾಮಪದಗಳು ಬೇಕಾಗುತ್ತವೆ. ತಗಾಲೊಗ್ ನಾಮಪದವನ್ನು ಹಾಗೆಯೇ ಇಟ್ಟು ಕ್ರಿಯೆಯನ್ನು ಬದಲಿಸುತ್ತದೆ. ಭೇದ ಎಲ್ಲಿದೆ ಎಂದು ನಾಮಪದಗಳ ಪಟ್ಟಿಯಲ್ಲಿ ಹುಡುಕುವವರಿಗೆ ಇದು ಬಡತನವಾಗಿ ಕಾಣುತ್ತದೆ. ಕ್ರಿಯಾಪದಗಳ ಕಡೆ ನೋಡಿದವರಿಗೆ ಹಾಗೆ ಕಾಣುವುದಿಲ್ಲ.

ಈ ಒಂದೇ ಪದದ ಹರವು ಕಾನೂನಿನಲ್ಲಿ ಸುಮ್ಮನೆ ಕೂರುವುದಿಲ್ಲ. ಫಿಲಿಪೀನ್ಸಿನಲ್ಲಿ 1937ರಲ್ಲಿ ರಾಷ್ಟ್ರಭಾಷೆಗೆ ತಗಾಲೊಗ್ ಆಧಾರವಾಯಿತು. 1987ರ ಸಂವಿಧಾನ ಫಿಲಿಪಿನೊವನ್ನು ರಾಷ್ಟ್ರಭಾಷೆಯೆಂದು ಹೆಸರಿಸಿತು. ಆದರೂ ಶಾಸನಗಳ ಮತ್ತು ಉನ್ನತ ನ್ಯಾಯಾಲಯಗಳ ಭಾಷೆ ಬಹುಪಾಲು ಇಂಗ್ಲಿಷೇ. ಬೆಂಗೆಟ್ ಪ್ರಾಂತ್ಯದ ಇತೊಗೊನ್ ಪ್ರದೇಶದ ಜಮೀನೊಂದರ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ ಮೇಲ್ಮೈಯ ಹಕ್ಕನ್ನು ಒಂದು ಕುಟುಂಬಕ್ಕೂ ಅದರ ಕೆಳಗಿನ ಹಕ್ಕನ್ನು ಗಣಿ ಕಂಪನಿಗಳಿಗೂ ಹಂಚಿತ್ತು. 1988ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಹಂಚಿಕೆಯನ್ನು ಒಪ್ಪಲಿಲ್ಲ. ಒಂದು ಜಮೀನು ಅರ್ಧ ಕೃಷಿಭೂಮಿ, ಅರ್ಧ ಖನಿಜಭೂಮಿ ಆಗಲಾರದೆಂಬುದು ಅದರ ನಿಲುವು. ಮೇಲ್ಮೈ ಒಂದು ಸ್ವತಂತ್ರ ವಸ್ತು, ಅದಕ್ಕೆ ಬೇರೆ ಒಡೆಯ ಇರಬಹುದು ಎಂಬ ಕಲ್ಪನೆ ಇಂಗ್ಲಿಷಿನ ‘ಸರ್ಫೇಸ್ ರೈಟ್ಸ್’ ಎಂಬ ಪದಗುಚ್ಛದಲ್ಲಿ ಎಷ್ಟು ಸಲೀಸಾಗಿ ಕೂರುತ್ತದೆಂದರೆ ಅದು ಕಲ್ಪನೆಯೆಂಬುದೇ ಮರೆತುಹೋಗುತ್ತದೆ. ಅದನ್ನು ತಗಾಲೊಗ್‌ನಲ್ಲಿ ‘ಇಬಾಬವ್ ನಙ್ ಲೂಪ’ದ ಹಕ್ಕು ಎಂದಾಗ ‘ಇಲಾಲಿಮ್’ ಯಾರದು ಎಂಬ ಪ್ರಶ್ನೆ ಆ ಕ್ಷಣದಲ್ಲೇ ಮೇಲೇಳುತ್ತದೆ, ಏಕೆಂದರೆ ಪದವೇ ಜೋಡಿಯ ಅರ್ಧ. ಬರಿ ‘ಲೂಪ’ ಎಂದುಬಿಟ್ಟರೆ ಕೇಳುವವರು ಮೇಲನ್ನೂ ಕೆಳಗನ್ನೂ ಸೇರಿಸಿಯೇ ಅರ್ಥಮಾಡಿಕೊಳ್ಳುತ್ತಾರೆ. ಖನಿಜಗಳೆಲ್ಲ ಸರ್ಕಾರದ್ದೆಂಬ ಸಂವಿಧಾನದ ವಿಧಿ ಅವರಿಗೆ ಆಮೇಲೆ ಎದುರಾಗುತ್ತದೆ.

1997ರ ಮೂಲನಿವಾಸಿಗಳ ಹಕ್ಕುಗಳ ಕಾಯಿದೆಯಲ್ಲಿ ತೊಡಕು ಇನ್ನೂ ಹೆಚ್ಚಿನದು. ‘ಆನ್ಸೆಸ್ಟ್ರಲ್ ಲ್ಯಾಂಡ್’ ಮತ್ತು ‘ಆನ್ಸೆಸ್ಟ್ರಲ್ ಡೊಮೇನ್’ ಎಂಬ ಎರಡು ಪರಿಭಾಷೆಗಳಿಗೆ ಅದು ಬೇರೆಬೇರೆ ವ್ಯಾಖ್ಯೆ ಕೊಡುತ್ತದೆ. ಎರಡನೆಯದರಲ್ಲಿ ಒಳನಾಡಿನ ನೀರು, ಕರಾವಳಿ, ನೈಸರ್ಗಿಕ ಸಂಪನ್ಮೂಲಗಳೂ ಸೇರುತ್ತವೆ. ಸಾರ್ವಜನಿಕ ಚರ್ಚೆಯ ತಗಾಲೊಗ್‌ನಲ್ಲಿ ಎರಡಕ್ಕೂ ‘ಲುಪಯಿಙ್ ನಿನೂನೊ’, ಪೂರ್ವಿಕರ ನೆಲ, ಎಂಬ ಒಂದೇ ನುಡಿ ಬಳಕೆಯಾಗುವುದನ್ನು ಕಾಣುತ್ತೇವೆ. ಇದನ್ನು ಅನುವಾದದ ಲೋಪವೆಂದು ತಳ್ಳಿಹಾಕುವುದು ಸುಲಭ. ಆದರೆ ಈ ಕಾಯಿದೆಯ ಸಿಂಧುತ್ವ 2000ದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ ಸಂಪನ್ಮೂಲಗಳ ಒಡೆತನವೇ ಮುಖ್ಯ ವಿವಾದವಾಗಿತ್ತು, ನ್ಯಾಯಮೂರ್ತಿಗಳು ಏಳು–ಏಳಾಗಿ ಸರಿಸಮ ಒಡೆದುದರಿಂದ ಅರ್ಜಿ ಬಿದ್ದುಹೋಯಿತು. ಇಂಗ್ಲಿಷ್ ಪಠ್ಯವನ್ನೇ ಓದಿದ ಕಾನೂನು ಪಂಡಿತರಿಗೆ ನೆಲ ಎಲ್ಲಿ ಮುಗಿದು ಸಂಪನ್ಮೂಲ ಎಲ್ಲಿ ತೊಡಗುತ್ತದೆಂಬುದು ಇತ್ಯರ್ಥವಾಗದಿರುವಾಗ, ಅವುಗಳನ್ನು ಬೇರ್ಪಡಿಸದ ಪದವೊಂದನ್ನು ಮಾತ್ರ ದೋಷಿಯೆನ್ನುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಮಾಡಬೇಕಾದ ಕೆಲಸ ಬೇರೆಯೇ ಇದೆ: ಅನುವಾದದಲ್ಲಿ ‘ಲುಪಯಿನ್’ ಬಂದ ಕಡೆಯಲ್ಲೆಲ್ಲ ನೀರು, ಇಲಾ­ಲಿಮ್, ಕರಾವಳಿ ಸೇರಿವೆಯೋ ಇಲ್ಲವೋ ಎಂಬುದನ್ನು ವಾಕ್ಯವಾಗಿ ಬಿಡಿಸಿ ಹೇಳುವುದು.

ನಿಘಂಟುಕಾರರಿಗೂ ಇದೇ ಮಾತು ಅನ್ವಯಿಸುತ್ತದೆ. ಲಿಯೊ ಜೇಮ್ಸ್ ಇಂಗ್ಲಿಷ್ ಅವರ 1965ರ ಇಂಗ್ಲಿಷ್–ತಗಾಲೊಗ್ ನಿಘಂಟಿನ ದೊಡ್ಡ ಗುಣ ಅದರ ಉದಾಹರಣೆ ವಾಕ್ಯಗಳು. ಅನಂತರದ ಕಿರುಪದಕೋಶಗಳು ಜಾಗ ಉಳಿಸಲೆಂದು ಮೊದಲು ಕೈಬಿಟ್ಟದ್ದು ಆ ವಾಕ್ಯಗಳನ್ನೇ; ಉಳಿದದ್ದು ಪದಕ್ಕೆ ಎದುರಾಗಿ ಪದ. ‘ಸರ್ಫೇಸ್’ ಎಂಬ ಉಲ್ಲೇಖದ ಕೆಳಗೆ ‘ಇಬಾಬವ್’, ‘ಬಲತ್’ ಎಂದು ಅಲ್ಪವಿರಾಮವಿಟ್ಟು ಬರೆಯುವ ಬದಲು, ನೀರಿಗೆ ಯಾವುದು, ಅತಿಶಯೋಕ್ತಿಗೆ ಯಾವುದು, ಅಳತೆಗೆ ಯಾವುದು, ಯಾವ ವಾಕ್ಯದಲ್ಲಿ ಬರಿ ‘ಸ ಲೂಪ’ ಸಾಕು ಎಂದು ನಾಲ್ಕು ಸಾಲು ಕೊಟ್ಟರೆ ಆಗುವ ಹೆಚ್ಚುವರಿ ವೆಚ್ಚ ಅರ್ಧ ಅಂಕಣ. ಫಿಲಿಪಿನೊ ಪಠ್ಯಪುಸ್ತಕಗಳು ಭೂವಿಜ್ಞಾನದ ‘ಕ್ರಸ್ಟ್’ ಪದವನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಂಡದ್ದರಲ್ಲಿಯೂ ಒಂದು ವಿವೇಕವಿದೆ. ‘ಬಲತ್ ನಙ್ ಲೂಪ’ ಅಲ್ಲಿಗೆ ಕಣ್ಣಿಗೆ ಹೊಂದುವಂತೆ ಕಂಡರೂ ಆ ನುಡಿ ಆಗಲೇ ಅತಿಶಯೋಕ್ತಿಯ ಸೇವೆಯಲ್ಲಿದೆ. ಭೂಕವಚ, ಭೂಚಿಪ್ಪು, ತೊಗಟೆ ಎಂದು ಒಂದೇ ಪರಿಭಾಷೆಗೆ ಮೂರು ಪದಗಳನ್ನು ಚಲಾವಣೆಯಲ್ಲಿಟ್ಟುಕೊಂಡಿರುವ ನಾವು ಕನ್ನಡದ ಪಾರಿಭಾಷಿಕ ಕೋಶಗಳನ್ನು ಪರಿಷ್ಕರಿಸುವಾಗ ಈ ಉದಾಹರಣೆಯನ್ನು ಎದುರಿಗಿಟ್ಟುಕೊಳ್ಳಬಹುದು.